ಮೊದಲು ಎಣಿಸಿ, ಆಮೇಲೆ ಬರೆಯಿರಿ

ನಾನು ದಾವಣಗೆರೆಯ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಮೆಕ್ಕೆಜೋಳ ಎಷ್ಟು ಚೀಲ ಬಂತು, ಹಮಾಲಿ ಎಷ್ಟು, ರೈತರ ಕೈಗೆ ಎಷ್ಟು ಹೋಯಿತು. ಇದೇ ನನ್ನ ದಿನ. ಅಂಗಡಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಬಂದ ವರ್ಷ ಕೆಂಪು ಬಟ್ಟೆ ಹೊದಿಕೆಯ ನಾಲ್ಕು ಖಾತೆ ಪುಸ್ತಕ ಹಾಗೇ ಉಳಿದವು. "ತಗೊಂಡು ಹೋಗಮ್ಮ, ಮಕ್ಕಳು ರಫ್ ಮಾಡ್ಕೊಳ್ಳಲಿ" ಅಂದರು ಸಾಹುಕಾರರು. ಮಕ್ಕಳು ಮುಟ್ಟಲಿಲ್ಲ. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಸುಮ್ನೆ ಕೂತಿದ್ದಾಗ, ಮೇಜಿನ ಮೇಲಿದ್ದ ಹಳೇ ತೂಕದ ಕಲ್ಲನ್ನು ಬಾಲ್ ಪೆನ್ನಿನಲ್ಲಿ ಬರೆದೆ. ಪಕ್ಕದಲ್ಲಿ "2 ಕೆ.ಜಿ., ಒಂದು ಮೂಲೆ ಸವೆದಿದೆ" ಅಂತ ಬರೆದೆ. ಅಲ್ಲಿಂದ ಶುರುವಾದ ಚಿತ್ರದ ದಿನಚರಿ ಈಗ ಮೂರನೇ ಪುಸ್ತಕಕ್ಕೆ ಬಂದಿದೆ.

ನಾವು ಲೆಕ್ಕವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ ಅಲ್ವಾ? ಮಾತೇ ಒಂದು. ಹಾಗಾಗಿ ಲೆಕ್ಕದವಳ ಪದ್ಧತಿಯನ್ನೇ ಚಿತ್ರಕ್ಕೂ ತಂದೆ. ದಾವಣಗೆರೆಯಲ್ಲಿ ಚಿತ್ರಕಲೆ ಕಲಿಸುವ ದೊಡ್ಡ ಕಾಲೇಜೇ ಇದೆ, ಗೊತ್ತು. ನಾನು ಅದರ ಗೇಟು ದಾಟಿದವಳಲ್ಲ. ಶಾಲೆಯಲ್ಲಿ ನನಗೆ ಬರುತ್ತಿದ್ದದ್ದು ಎರಡು ಗುಡ್ಡ, ನಡುವೆ ಸೂರ್ಯ, ಮುಂದೆ ಒಂದು ಗುಡಿಸಲು. ನಿಮಗೂ ಅಷ್ಟೇ ಬರುತ್ತಿದ್ದರೆ ಈ ಬರಹ ನಿಮಗೇ.

ಪದ್ಧತಿ ಇಷ್ಟೇ: ಪೆನ್ನು ಕಾಗದಕ್ಕೆ ಮುಟ್ಟಿಸುವ ಮುಂಚೆ ಏನನ್ನಾದರೂ ಎಣಿಸಿ. ನಮ್ಮ ಅಡುಗೆಮನೆ ಕಿಟಕಿಯನ್ನು ನೋಡದೆ ಬರೆದಾಗ ಎಂಟು ಸರಳು ಹಾಕಿದ್ದೆ. ಎದ್ದು ಹೋಗಿ ಎಣಿಸಿದರೆ ಹನ್ನೊಂದು. ಇಪ್ಪತ್ತು ವರ್ಷದಿಂದ ಆ ಕಿಟಕಿಯ ಮುಂದೆ ನಿಂತು ಒಗ್ಗರಣೆ ಹಾಕಿದ್ದೇನೆ! ಎಣಿಸುವಾಗ ಕಣ್ಣು ಒಂದೊಂದು ಸರಳಿನ ಮೇಲೂ ನಿಲ್ಲಲೇಬೇಕು. ಮೂರನೆಯದು ಸ್ವಲ್ಪ ಬಾಗಿದೆ, ಕೊನೆಯದಕ್ಕೆ ಮಸಿಬಟ್ಟೆ ನೇತು ಹಾಕಿದ ಜಿಡ್ಡಿದೆ ಅಂತ ಆಗಲೇ ಕಾಣಿಸಿದ್ದು.

ಎಣಿಸಿದ ಸಂಖ್ಯೆಯನ್ನು ಪುಟದಲ್ಲಿ ಕೂರಿಸುವುದು ಹೇಗೆ? ಎಡದಿಂದ ಒಂದೊಂದೇ ಹಾಕುತ್ತಾ ಹೋದರೆ ಕೊನೆಗೆ ಎರಡು ಸರಳಿಗೆ ಜಾಗವೇ ಇರುವುದಿಲ್ಲ. ಮೊದಲು ಎರಡು ತುದಿಯವು ಹಾಕಿ. ಆಮೇಲೆ ನಡುವಿನದು, ಅಂದರೆ ಆರನೆಯದು. ಈಗ ಎರಡೂ ಕಡೆ ನಾಲ್ಕು ನಾಲ್ಕು ಉಳಿಯಿತು. ಮೆಟ್ಟಿಲು, ಮಾಡಿನ ಹೆಂಚು, ಬಸ್ಸಿನ ಕಿಟಕಿ, ಯಾವುದಕ್ಕಾದರೂ ಇದೇ ದಾರಿ.

ಇನ್ನು ಸಾಮಾನು. ಜಾಸ್ತಿ ಬೇಡ. ನೀಲಿ ಅಥವಾ ಕಪ್ಪು ಬಾಲ್ ಪೆನ್ನು, ಒಂದು ಪೆನ್ಸಿಲ್, ಮಕ್ಕಳ ವಾಟರ್ ಕಲರ್ ಡಬ್ಬಿ, ಒಂದೇ ಒಂದು ಬ್ರಷ್, ಹಳೇ ಬನಿಯನ್ ತುಂಡು. ಬಾಲ್ ಪೆನ್ನಿನ ಇಂಕಿನಲ್ಲಿ ಎಣ್ಣೆ ಅಂಶ ಇರುವುದರಿಂದ ಮೇಲೆ ನೀರು ಬಣ್ಣ ಹಚ್ಚಿದರೂ ಅಷ್ಟಾಗಿ ಹರಡುವುದಿಲ್ಲ. ಶಾಯಿ ಪೆನ್ನಿನ ಗೆರೆ ಹರಡಿ ಹಾಳಾಗುತ್ತದೆ. ಜೆಲ್ ಪೆನ್ನು ನಂಬಬೇಡಿ, ಮೊದಲು ಪುಸ್ತಕದ ಕೊನೇ ಪುಟದಲ್ಲಿ ಒಂದು ಗೆರೆ ಎಳೆದು ಒದ್ದೆ ಬೆರಳು ಸವರಿ ನೋಡಿ.

ಕಾಗದದ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಖಾತೆ ಪುಸ್ತಕದ ಹಾಳೆ ಪೆನ್ನಿಗೆ ಬೆಣ್ಣೆಯ ಹಾಗೆ, ನೀರಿಗೆ ಮಾತ್ರ ಜರಡಿ. ಮೊದಲ ಸಲ ಹಳದಿ ಹಚ್ಚಿದಾಗ ಅದು ಹಿಂದಿನ ಪುಟಕ್ಕೂ ಇಳಿದು, ಅಲ್ಲಿ ಬರೆದಿದ್ದ ನಮ್ಮ ಅಂಗಡಿ ಬೆಕ್ಕಿಗೆ ಕಾಮಾಲೆ ಬಂದಂತಾಯಿತು. ಬಣ್ಣ ಹಚ್ಚುವ ಆಸೆಯಿದ್ದರೆ 200 ಜಿಎಸ್‌ಎಂ ಮೇಲಿನ ಹಾಳೆಯ ಪುಸ್ತಕ ಕೊಳ್ಳಿ (ಹಾಳೆ ಎಷ್ಟು ಭಾರ, ಎಷ್ಟು ದಪ್ಪ ಅನ್ನುವ ಅಳತೆ ಅದು). ನಾನು ಜಿಪುಣಿ. ದಪ್ಪ ಹಾಳೆಯನ್ನು ಅಂಗೈ ಅಗಲ ಕತ್ತರಿಸಿ, ಅದರ ಮೇಲೆ ಬಣ್ಣ ಹಚ್ಚಿ, ಒಣಗಿದ ಮೇಲೆ ಖಾತೆ ಪುಸ್ತಕಕ್ಕೆ ಅಂಟಿಸುತ್ತೇನೆ. ಪುಸ್ತಕ ಉಬ್ಬುತ್ತದೆ, ಉಬ್ಬಲಿ ಬಿಡಿ.

ಈಗ ದೋಸೆಗೆ ಬರೋಣ. ದಾವಣಗೆರೆಯವಳು ಬೆಣ್ಣೆ ದೋಸೆ ಬರೆಯದಿದ್ದರೆ ಹೇಗೆ?

ದೋಸೆ ಟೇಬಲ್ಲಿಗೆ ಬಂದ ಮೇಲೆ ನಿಮಗೆ ಇರುವುದು ಒಂದು ನಿಮಿಷ, ಅದಕ್ಕಿಂತ ಜಾಸ್ತಿ ಕಾಯಿಸಿದರೆ ಪಾಪ. ಅದಕ್ಕೇ ದೋಸೆ ಬರುವ ಮುಂಚೆ ಕೆಲಸ ಶುರು ಮಾಡಿ. ಕಾವಲಿ ಕಾಣುವ ಕಡೆ ಕೂರಿ. ನಾನು ಹೋದ ದಿನ ಭಟ್ಟರು ಒಂದು ಸಲಕ್ಕೆ ಒಂಬತ್ತು ಹೊಯ್ದರು, ಮೂರು ಸಾಲು. ಕಾವಲಿಯ ಅಂಚು, ಕೆಳಗೆ ಸೌದೆಯ ಬಾಯಿ, ಒಂಬತ್ತು ಸೊನ್ನೆ. ಚಿತ್ರದ ಅರ್ಧ ಅಲ್ಲೇ ಆಯಿತು. ತಟ್ಟೆ ಬಂದ ಕೂಡಲೇ ಬರೀ ಹೊರಗೆರೆ ಹಾಕಿಕೊಳ್ಳಿ: ತಟ್ಟೆ, ದೋಸೆ, ಬೆಣ್ಣೆ ಉಂಡೆ ಕೂತ ಜಾಗ, ಪಲ್ಯದ ಗುಡ್ಡೆ, ಚಟ್ನಿಯ ಕೆರೆ. ಆಮೇಲೆ ತಿನ್ನಿ. ಬಣ್ಣ ಮನೆಯಲ್ಲಿ.

ಬಣ್ಣ ಹಚ್ಚುವಾಗ ಒಂದು ಗುಟ್ಟಿದೆ. ನೀರು ಬಣ್ಣದಲ್ಲಿ ಬಿಳಿ ಅಂದರೆ ಖಾಲಿ ಕಾಗದ. ಡಬ್ಬಿಯಲ್ಲಿರುವ ಬಿಳಿಯನ್ನು ಆಮೇಲೆ ಮೇಲಿಂದ ಬಳಿದರೆ ಸುಣ್ಣದಂತೆ ಕಾಣುತ್ತದೆ. ಆದ್ದರಿಂದ ಬೆಣ್ಣೆಯ ಜಾಗ ಮುಟ್ಟದೆ ಬಿಟ್ಟು, ಸುತ್ತ ತೆಳು ಹಳದಿ ಹಚ್ಚಿ. ಪೂರ್ತಿ ಒಣಗಲಿ. ಅಂಚಿನಲ್ಲಿ ಕಂದು, ನಡುವೆ ಅಲ್ಲಲ್ಲಿ ಕಂದಿನ ಚುಕ್ಕಿ. ಆ ತೂತುಗಳನ್ನು ಮಾತ್ರ ಎಣಿಸಲು ಹೋಗಬೇಡಿ, ನಾನು ಹೋಗಿ ಸೋತಿದ್ದೇನೆ. ಕರಗಿದ ಬೆಣ್ಣೆ ಹರಿದ ಕಡೆ ಇನ್ನೊಂದು ಕೋಟು ಹಳದಿ. ನಮ್ಮ ಕಡೆಯ ಆ ಪಲ್ಯಕ್ಕೆ ಅರಿಶಿನ ಇಲ್ಲದಿರುವುದರಿಂದ ಅಲ್ಲೂ ಕಾಗದವನ್ನೇ ಬಿಟ್ಟು, ನೆರಳಿಗೆ ಒಂಚೂರು ನೀಲಿ ತಿಳಿ ಸಾಕು.

ಕೈ ತೊಳೆಯದೆ ಪುಟ ಮುಟ್ಟಬೇಡಿ. ಬೆಣ್ಣೆ ಬಿದ್ದ ಕಡೆ ಕಾಗದ ಗಾಜಿನಂತಾಗುತ್ತದೆ, ಅಲ್ಲಿ ಯಾವ ಬಣ್ಣವೂ ಹಿಡಿಯುವುದಿಲ್ಲ.

ಅವತ್ತೇ ತಟ್ಟೆ ತರುವ ಹುಡುಗ ಇಣುಕಿ ನೋಡಿ, "ಅಕ್ಕ, ಬಿಲ್ ನಾವ್ ಬರೀತೀವಿ, ನೀವ್ಯಾಕೆ ಬರೀತೀರಿ?" ಅಂದ. ಅದನ್ನೂ ತಟ್ಟೆಯ ಪಕ್ಕ ಬರೆದಿಟ್ಟೆ. ಇದು ಮುಖ್ಯ. ಚಿತ್ರಕ್ಕೆ ಬಾರದ್ದನ್ನು ಅಕ್ಷರದಲ್ಲಿ ಹಿಡಿಯಿರಿ: ರೇಟು, ವಾಸನೆ, ಯಾರೋ ಅಂದ ಮಾತು, ಹಿಂದಿನ ಟೇಬಲ್ಲಿನ ಜಗಳ. "ಬಹಳ ಚೆನ್ನಾಗಿತ್ತು, ಖುಷಿಯಾಯಿತು" ಅಂತ ಬರೆದ ಪುಟಗಳು ನನಗೆ ಈಗ ಏನನ್ನೂ ನೆನಪಿಸುವುದಿಲ್ಲ. "ಚಟ್ನಿ ಮೂರು ಸಲ ಹಾಕಿಸಿಕೊಂಡೆ" ಅಂದರೆ ಎಲ್ಲ ವಾಪಸ್ ಬರುತ್ತದೆ.

ಜನರನ್ನು ಬರೆಯುವಾಗ ಹಿಂದಿನಿಂದ ಶುರು ಮಾಡಿ. ಬೆನ್ನು, ತಲೆಗೆ ಸುತ್ತಿದ ಟವೆಲ್ಲು, ಹೆಗಲ ಮೇಲಿನ ಚೀಲ. ಬೆನ್ನು ಅಲುಗಾಡುವುದು ಕಡಿಮೆ, ಮತ್ತೆ ಯಾರೂ ತಿರುಗಿ ದುರುಗುಟ್ಟುವುದಿಲ್ಲ. ಮುಖ ಬೇಕಾದರೆ ಕೇಳಿ. ನಮ್ಮ ಬೀದಿ ಕೊನೆಗೆ ಸೊಪ್ಪು ಮಾರುವ ಅಜ್ಜಿಯನ್ನು ಕೇಳಿಯೇ ಬರೆದೆ, ಎರಡು ಕಟ್ಟು ಮೆಂತ್ಯ ಕೊಂಡ ಮೇಲೆ. ನೋಡಿ, "ನನ್ ಮೂಗು ಇಷ್ಟ್ ದಪ್ಪ ಐತೇನವ್ವ?" ಅಂದಳು. ತಿದ್ದಲಿಲ್ಲ. ಇತ್ತು.

ಅಲುಗಾಡುವುದನ್ನು ಕಲಿಯಲು ಕುಂದವಾಡ ಕೆರೆಗಿಂತ ಒಳ್ಳೆಯ ಜಾಗ ಇಲ್ಲ. ಬೆಳಿಗ್ಗೆ ವಾಕಿಂಗಿಗೆ ಹೋದಾಗ ಕಲ್ಲಿನ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತಾ ನಿಂತಿರುತ್ತದೆ. ಪುಟದಲ್ಲಿ ನಾಲ್ಕು ಕಡೆ ಒಟ್ಟಿಗೆ ಶುರು ಮಾಡಿ. ಹಕ್ಕಿ ಕತ್ತು ತಿರುಗಿಸಿದರೆ ಮೊದಲನೆಯದನ್ನು ಅಲ್ಲೇ ಬಿಟ್ಟು ಎರಡನೆಯದಕ್ಕೆ ಹೋಗಿ. ಸ್ವಲ್ಪ ಹೊತ್ತಿಗೆ ಅದು ಮೊದಲಿನ ಭಂಗಿಗೇ ಬರುತ್ತದೆ, ಆಗ ಮುಂದುವರಿಸಿ. ವಾಕಿಂಗ್ ಮಾಡುವವರೂ ಹಾಗೇ. ಅದೇ ಗಂಡಸರು ಅದೇ ಬೆಂಚಿನಲ್ಲಿ ದಿನಾ ಅದೇ ಥರ ಕಾಲು ಮೇಲೆ ಕಾಲು ಹಾಕಿ ಕೂರುತ್ತಾರೆ.

ಹರಿಹರಕ್ಕೆ ಹೋದರೆ ಕಂಬ ಬರೆಯಿರಿ. ಹರಿಹರೇಶ್ವರ ದೇವಸ್ಥಾನ 1224ರದ್ದು, ಹೊಯ್ಸಳರ ಕಾಲದ್ದು. ಮಂಟಪದ ಕಂಬಗಳು ಕಡೆದು ನುಣುಪು ಮಾಡಿದವು, ಬುಗುರಿಯ ಹಾಗೆ ಏರಿಳಿತ. ಮೊದಲು ನಡುವೆ ಒಂದು ನೆಟ್ಟಗಿನ ಗೆರೆ. ಮೇಲಿನಿಂದ ಬಳೆಯಂಥ ಪಟ್ಟಿಗಳನ್ನು ಎಣಿಸಿ, ಒಂದೊಂದಕ್ಕೂ ನಡುಗೆರೆಯ ಮೇಲೆ ಗುರುತು. ಎಡ ಮಗ್ಗುಲು ಬರೆಯಿರಿ, ಅದನ್ನು ನೋಡಿಕೊಂಡು ಬಲ ಮಗ್ಗುಲು. ನಡುಗೆರೆ ಇಲ್ಲದೆ ಬರೆದ ನನ್ನ ಮೊದಲ ಕಂಬ ಕುಡಿದವನ ಹಾಗೆ ವಾಲಿದೆ.

ನನ್ನ ತವರು ಚಿತ್ರದುರ್ಗ. 1997ರಲ್ಲಿ ಜಿಲ್ಲೆ ಬೇರೆಯಾಯಿತು, ನನ್ನ ಪುಸ್ತಕದಲ್ಲಿ ಎರಡೂ ಒಂದೇ ಖಾತೆ. ಬಸ್ಸಿನಲ್ಲಿ ಅರವತ್ತು ಕಿಲೋಮೀಟರ್ ಚಿಲ್ಲರೆ. ಓಡುವ ಬಸ್ಸಿನಲ್ಲಿ ಗೆರೆ ನಡುಗುತ್ತದೆ, ಆದ್ದರಿಂದ ಭರಮಸಾಗರದಲ್ಲಿ ನಿಂತಾಗ ಒಂದಿಷ್ಟು ಬರೆದು, ಮಿಕ್ಕಿದ್ದು ದುರ್ಗದ ಸ್ಟ್ಯಾಂಡಿನಲ್ಲಿ. ಗುಡ್ಡದ ಮೇಲಿನ ಗಾಳಿಯಂತ್ರಗಳು ಮಾತ್ರ ನಡುಗುವ ಗೆರೆಯಲ್ಲೇ ಚೆಂದ.

ಕೋಟೆಯನ್ನು ಇಡಿಯಾಗಿ ಬರೆಯಬೇಡಿ. ನಾನು ಬರೆದೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿ, "ಇದೇನವ್ವ, ಮೊಸರನ್ನದ ಗುಡ್ಡೆ?" ಅಂದರು. ಒಂದರ ಮೇಲೊಂದು ದುಂಡು ಬಂಡೆ ಬರೆದರೆ ಹಾಗೇ ಆಗುತ್ತದೆ. ಬಂಡೆಯನ್ನು ಬಿಟ್ಟು ಬಂಡೆಗಳ ನಡುವಿನ ಕತ್ತಲನ್ನು ಬರೆಯಿರಿ. ಸಂದುಗಳನ್ನು ಎಣಿಸಿ, ಅವುಗಳ ಆಕಾರವನ್ನು ಪೆನ್ನಿನಲ್ಲಿ ಗೀಚಿ ಕಪ್ಪು ಮಾಡಿ. ಬಂಡೆ ತಾನಾಗಿ ಎದ್ದು ಬರುತ್ತದೆ. ಓಬವ್ವನ ಕಿಂಡಿಯೂ ಹೀಗೇ ಬರೆದದ್ದು: ಕಿಂಡಿ ಅಂದರೆ ಒಂದು ಕಪ್ಪು ಸೀಳು, ಪಕ್ಕದಲ್ಲಿ ನಿಂತ ಒಬ್ಬ ಮನುಷ್ಯ. ಆ ಮನುಷ್ಯ ಇಲ್ಲದಿದ್ದರೆ ಕಿಂಡಿ ಎಷ್ಟು ಇಕ್ಕಟ್ಟು ಅಂತ ಯಾರಿಗೆ ಗೊತ್ತಾಗುತ್ತದೆ?

ಎತ್ತರ ಅಳೆಯುವುದು ಪೆನ್ಸಿಲ್ಲಿನಲ್ಲಿ. ಕೈ ಪೂರ್ತಿ ನೀಡಿ, ಒಂದು ಕಣ್ಣು ಮುಚ್ಚಿ. ಪೆನ್ಸಿಲ್ಲಿನ ತುದಿ ಮನುಷ್ಯನ ತಲೆಗೆ, ಹೆಬ್ಬೆರಳು ಅವನ ಪಾದಕ್ಕೆ. ಈಗ ಅಷ್ಟೇ ಅಳತೆ ಗೋಡೆಯ ಮೇಲೆ ಎಷ್ಟು ಸಲ ಹಿಡಿಸುತ್ತದೆ ಎಣಿಸಿ. ನಾನು ಕೂತ ಕಡೆ ಗೋಡೆಯ ತೆನೆಯವರೆಗೆ ಮೂರೂವರೆ ಮನುಷ್ಯ ಆಯಿತು. ಮೊಣಕೈ ಬಗ್ಗಿಸಿದರೆ ಲೆಕ್ಕ ತಪ್ಪುತ್ತದೆ.

ನಡು ಮಧ್ಯಾಹ್ನ ಹೋಗಬೇಡಿ. ನೆರಳಿರುವುದಿಲ್ಲ, ಬಂಡೆ ಚಪ್ಪಟೆ ಕಾಣುತ್ತದೆ, ಕೂತ ಕಲ್ಲು ಸುಡುತ್ತದೆ. ಬೇಸಿಗೆಯಲ್ಲಿ ಬ್ರಷ್ ಕಾಗದ ಮುಟ್ಟುವ ಮುಂಚೆಯೇ ಬಣ್ಣ ಒಣಗುತ್ತದೆ, ನೀರು ಜಾಸ್ತಿ ಇಟ್ಟುಕೊಳ್ಳಿ. ಬಂಡೆಗೆ ಡಬ್ಬಿಯ ಕಪ್ಪು ಬೇಡವೇ ಬೇಡ. ಕಂದಿಗೆ ನೀಲಿ ಬೆರೆಸಿ. ಕಂದು ಜಾಸ್ತಿಯಾದರೆ ಬಿಸಿಲಿನ ಮಗ್ಗುಲು, ನೀಲಿ ಜಾಸ್ತಿಯಾದರೆ ನೆರಳಿನ ಮಗ್ಗುಲು. ಎರಡೂ ಒಂದೇ ಮುಚ್ಚಳದಲ್ಲಿ ಸಿಗುತ್ತವೆ.

ಹೆಸರಾದ ಜಾಗಕ್ಕೆ ಹೋದಾಗ ಪಕ್ಕಕ್ಕೆ ನೋಡುವ ಅಭ್ಯಾಸ ಮಾಡಿಕೊಳ್ಳಿ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಿತು. ನಾವೂ ಹೋಗಿದ್ದೆವು. ಎಲ್ಲರ ಮೊಬೈಲಿನಲ್ಲೂ ಅದೇ ನೀರು. ನನ್ನ ಪುಟದಲ್ಲಿ ಇರುವುದು ಸೌತೆಕಾಯಿ ಮಾರುವವಳ ಬುಟ್ಟಿ, ಉಪ್ಪುಖಾರದ ಡಬ್ಬಿ, ಉಳಿದ ಏಳು ಸೌತೆಕಾಯಿ. ಪಕ್ಕದಲ್ಲಿ ಬರೆದಿದ್ದೇನೆ: "ಬೆಳಿಗ್ಗೆಯಿಂದ ನಾಲ್ಕು ಬುಟ್ಟಿ ಖಾಲಿಯಂತೆ. ನೀರು ಇನ್ನೂ ನೋಡಿಲ್ಲವಂತೆ."

ದಿನಾ ಬರೆಯಲೇಬೇಕಾ? ನಾನು ವಾರಕ್ಕೆ ಮೂರು ಸಲ ಬರೆದರೆ ಹೆಚ್ಚು. ಮಾರ್ಚ್ ಕೊನೆಯಲ್ಲಿ ಪುಸ್ತಕ ಮುಟ್ಟುವುದೇ ಇಲ್ಲ, ಅಂಗಡಿ ಲೆಕ್ಕ ಮುಗಿಯಬೇಕು. ಬಿಟ್ಟುಹೋದ ದಿನಕ್ಕೆ ಆಮೇಲೆ ನೆನಪಿನಿಂದ ತುಂಬಬೇಡಿ. ಆದರೆ ತಾರೀಖು ಮಾತ್ರ ತಪ್ಪಿಸಬೇಡಿ, ಜೊತೆಗೆ ಜಾಗ ಮತ್ತು ಹೊತ್ತು. ಕೆಟ್ಟ ಪುಟ ಹರಿಯಬೇಡಿ. ಖಾತೆ ಪುಸ್ತಕದಲ್ಲಿ ಹಾಳೆ ಹರಿದರೆ ಸಾಹುಕಾರರು ಬಿಡುತ್ತಾರಾ? ತಪ್ಪಿಗೆ ಒಂದು ಅಡ್ಡಗೆರೆ, ಮುಂದಿನ ಪುಟ. ಮಳೆಗಾಲದಲ್ಲಿ ಬಣ್ಣ ಒಣಗದೆ ಪುಸ್ತಕ ಮುಚ್ಚಿದರೆ ಎರಡು ಪುಟ ಅಂಟಿಕೊಳ್ಳುತ್ತವೆ, ನಡುವೆ ಒಂದು ಬಟರ್ ಪೇಪರ್ ಇಡಿ.

ಪ್ರತಿ ಪುಟಕ್ಕೂ ನಂಬರ್ ಹಾಕಿ, ಪುಸ್ತಕದ ಕೊನೆಯಲ್ಲಿ ಒಂದು ಪಟ್ಟಿ ಇಟ್ಟುಕೊಳ್ಳಿ. ಎರಡು ವರ್ಷದ ಮೇಲೆ ಆ ಅಜ್ಜಿ ಎಲ್ಲಿದ್ದಾಳೆ ಅಂತ ಹುಡುಕಲು ಇನ್ನೂರು ಪುಟ ತಿರುವುವುದು ತಪ್ಪುತ್ತದೆ. ನನ್ನ ಎರಡನೇ ಪುಸ್ತಕದ ಪಟ್ಟಿಯಿಂದ ನಾಲ್ಕು ಸಾಲು:

58. ಕುಂದವಾಡ, ನೀರುಕಾಗೆ, ನಾಲ್ಕರಲ್ಲಿ ಒಂದು ಪೂರ್ತಿ.
59. ಸೊಪ್ಪಿನ ಅಜ್ಜಿ, ಮೂಗು ಸರಿಯಿದೆ.
60. ಬೆಣ್ಣೆ ದೋಸೆ, ಕಾವಲಿಯಲ್ಲಿ ಒಂಬತ್ತು.
61. ಖಾಲಿ. 60ರ ಬೆಣ್ಣೆ ಇಳಿದಿದೆ.