ಮೊದಲು ಹಲ್ಲು, ಆಮೇಲೆ ಮ್ಯಾಪ್: ಹಿಮಾಲಯನ್ 411ರ ಸ್ಪ್ರಾಕೆಟ್ ಬದಲಿಸುವವರಿಗೆ

ಮೂಡಿಗೆರೆಯ ನನ್ನ ಗ್ಯಾರೇಜಿಗೆ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕ್ ತರುವ ಹುಡುಗರು ಗಾಡಿ ಸ್ಟ್ಯಾಂಡ್ ಹಾಕುವುದರೊಳಗೆ ಕೇಳಿಬಿಡುತ್ತಾರೆ: "ಅಣ್ಣಾ, ಮ್ಯಾಪ್ ಹಾಕ್ಕೊಡ್ತೀರಾ? ಪಿಕಪ್ ಸಾಲ್ತಿಲ್ಲ." ಮ್ಯಾಪ್ ಅಂದರೆ ಇಂಜಿನ್ನಿಗೆ ಯಾವಾಗ ಎಷ್ಟು ಪೆಟ್ರೋಲ್ ಅಂತ ಹೇಳುವ ಕೋಷ್ಟಕ. ನಾನು ಆಗಲೇ ಲ್ಯಾಪ್‌ಟಾಪ್ ತೆಗೆಯುವುದಿಲ್ಲ. ಗಾಡಿಯ ಎಡಕ್ಕೆ ಕುಕ್ಕರುಗಾಲಲ್ಲಿ ಕೂತು ಚೈನ್ ನೋಡುತ್ತೇನೆ, ಮುಂದಿನ ಸ್ಪ್ರಾಕೆಟ್ಟಿಗೆ (ಚೈನ್ ಕೂರುವ ಹಲ್ಲಿನ ಚಕ್ರಕ್ಕೆ) ಎಷ್ಟು ಹಲ್ಲು ಅಂತ ಕೇಳುತ್ತೇನೆ. ಹತ್ತರಲ್ಲಿ ಎಂಟು ಜನಕ್ಕೆ ಗೊತ್ತಿರುವುದಿಲ್ಲ. ಸೆಕೆಂಡ್ ಹ್ಯಾಂಡ್ ತಗೊಂಡ ಗಾಡಿಯಾದರೆ ಹಿಂದಿನವನು ಏನು ಹಾಕಿದ್ದಾನೋ ಅದೇ ಓಡುತ್ತಿರುತ್ತದೆ.

ಹಿಮಾಲಯನ್ 411ಕ್ಕೆ ಕಂಪನಿಯಿಂದ ಬರುವುದು ಮುಂದೆ 15, ಹಿಂದೆ 38 ಹಲ್ಲು. ಅಂದರೆ ಹಿಂದಿನ ಚಕ್ರ ಒಂದು ಸುತ್ತು ಬರಬೇಕಾದರೆ ಮುಂದಿನ ಸ್ಪ್ರಾಕೆಟ್ 2.53 ಸುತ್ತು ಹಾಕಬೇಕು. ಮುಂದೆ 16 ಹಾಕಿದರೆ ಇದು 2.375ಕ್ಕೆ ಇಳಿಯುತ್ತದೆ. ಮೊದಲು ಇಂಜಿನ್ ನಿಮಿಷಕ್ಕೆ 5000 ಸುತ್ತಿನಲ್ಲಿ ಓಡುತ್ತಿದ್ದ ವೇಗಕ್ಕೆ ಈಗ 4690 ಸುತ್ತು ಸಾಕು. ಕೈಗೆ, ಕಾಲಿಗೆ ಬರುವ ನಡುಕ ಇಳಿಯುತ್ತದೆ, ಇಂಜಿನ್ ನಿರಾಳವಾಗಿ ಉಸಿರಾಡಿದ ಹಾಗೆ ಇರುತ್ತದೆ. ಅದಕ್ಕೆ ತೆರುವ ಬೆಲೆಯೂ ಅಷ್ಟೇ: ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸಿಗುವ ಎಳೆತ ಶೇಕಡಾ 6ರಷ್ಟು ಕಡಿಮೆ. 14 ಹಾಕಿದರೆ ಉಲ್ಟಾ, ಎಳೆತ ಹೆಚ್ಚು, ಕೂಗಾಟವೂ ಹೆಚ್ಚು. ಮುಂದಿನ ಒಂದು ಹಲ್ಲು ಹಿಂದಿನ ಸುಮಾರು ಎರಡೂವರೆ ಹಲ್ಲಿಗೆ ಸಮ. ಸಣ್ಣ ವ್ಯತ್ಯಾಸ ಸಾಕು ಅನ್ನುವವರು ಹಿಂದಿನದನ್ನು ಬದಲಿಸಬೇಕು.

ನನ್ನದು 2018ರ ಬಿಎಸ್-4 ಗಾಡಿ. ಮಗ ಓದಲು ಬೆಂಗಳೂರಿಗೆ ಹೋದ ವರ್ಷ ನಾನು 16 ಹಾಕಿದೆ. ಹಾಸನ ದಾಟಿ ಹೆದ್ದಾರಿ ಹಿಡಿದ ಮೇಲೆ ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲದವರೆಗೆ ಆ ಒಂದು ಹಲ್ಲಿನ ಸುಖ ಹೇಳತೀರದು. ಆದರೆ ಹೆಂಡತಿಯ ತವರು ಉಜಿರೆ. ಒಂದು ಭಾನುವಾರ ಹಿಂದೆ ಅವಳು, ಪಕ್ಕದ ಬ್ಯಾಗಿನಲ್ಲಿ ಎರಡು ತೆಂಗಿನಕಾಯಿ ಚೀಲ. ಚಾರ್ಮಾಡಿ ಘಾಟಿ ಹತ್ತುವಾಗ ತಿರುವು ಮುಗಿಸಿ ಮೂರನೇ ಗೇರಿಗೆ ಹಾಕಿದೆ. ಆಕ್ಸಿಲೇಟರ್ ಪೂರ್ತಿ ತಿರುವಿದರೂ ಗಾಡಿ ಏಳಲಿಲ್ಲ, ಇಂಜಿನ್ ಹೆಡ್ಡಿನಿಂದ ಕಟಕಟ ಶಬ್ದ ಬಂತು. ಅದು ನಾಕಿಂಗ್. ಕಡಿಮೆ ಸುತ್ತಿನಲ್ಲಿ ಪೂರ್ತಿ ಆಕ್ಸಿಲೇಟರ್ ಕೊಟ್ಟಾಗ ಒಳಗಿನ ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವ ಸದ್ದು. ಗಾಳಿಯಿಂದ, ಆಯಿಲ್‌ನಿಂದ ತಣಿಯುವ ಇಂಜಿನ್ನಿಗೆ ಇದು ಒಳ್ಳೆಯದಲ್ಲ. ಕೊಟ್ಟಿಗೆಹಾರದವರೆಗೆ ಎರಡನೇ ಗೇರಿನಲ್ಲೇ ಬಂದೆ. ಈ ಇಂಜಿನ್ನಿನ ಗರಿಷ್ಠ ತಿರುಗಿಸುವ ಬಲ, ಅಂದರೆ 32 ಎನ್‌ಎಂ ಟಾರ್ಕ್, ಸಿಗುವುದು 4000ದಿಂದ 4500 ಸುತ್ತಿನ ನಡುವೆ. ಘಾಟಿಯಲ್ಲಿ ಅದಕ್ಕಿಂತ ಬಹಳ ಕೆಳಗೆ ಅದನ್ನು ದುಡಿಸಬಾರದು.

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮಲೆನಾಡಿನಲ್ಲೇ ಓಡಾಡುವವರಿಗೆ 15 ಇರಲಿ. ತಿಂಗಳ ಬಹುಪಾಲು ಓಟ ನಾಲ್ಕು ಪಥದ ರಸ್ತೆಯಲ್ಲೇ, ಒಬ್ಬರೇ ಹೋಗುವುದು ಅಂತಾದರೆ 16 ಹಾಕಿ. ಪಿಕಪ್ ಇಲ್ಲ ಅಂತ ಬಂದ ಎಷ್ಟೋ ಗಾಡಿಗಳಲ್ಲಿ 16 ಇರುವುದು ಕಂಡಿದ್ದೇನೆ. 15 ಹಾಕಿ ಕಳಿಸಿದ ಮೇಲೆ ಅವರು ಮ್ಯಾಪಿನ ಸುದ್ದಿ ಎತ್ತಲಿಲ್ಲ.

ಇನ್ನು ಕೆಲಸ. ಡಬಲ್ ಸ್ಟ್ಯಾಂಡ್ ಹಾಕಿ, ಗೇರ್ ಲಿವರ್ ಬಿಚ್ಚಿ, ಎಡಗಡೆಯ ಸ್ಪ್ರಾಕೆಟ್ ಕವರ್ ತೆಗೆಯಿರಿ. ಒಳಗೆ ಚೈನ್ ಆಯಿಲ್, ತೋಟದ ಕೆಂಪು ಮಣ್ಣು ಸೇರಿ ಬೆಲ್ಲದ ಪಾಕದಂತೆ ಗಟ್ಟಿಯಾಗಿರುತ್ತದೆ. ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ಬ್ರಶ್ ಅದ್ದಿ ತೊಳೆಯಿರಿ, ಇಲ್ಲದಿದ್ದರೆ ಬೋಲ್ಟಿನ ತಲೆಯೇ ಕಾಣುವುದಿಲ್ಲ. ಈಗ ಹಳೆ ಸ್ಪ್ರಾಕೆಟ್ಟಿನ ಹಲ್ಲಿಗೆ ಉಗುರು ಆನಿಸಿ ನೋಡಿ. ಒಳ್ಳೆ ಹಲ್ಲು ಎರಡೂ ಕಡೆ ಒಂದೇ ಇಳಿಜಾರಿರುತ್ತದೆ. ಸವೆದದ್ದು ಒಂದು ಕಡೆಗೆ ಬಾಗಿ ಕುಡುಗೋಲಿನ ತುದಿಯಂತಾಗಿ ಉಗುರನ್ನು ಹಿಡಿಯುತ್ತದೆ. ಹಾಗಿದ್ದರೆ ಮುಂದಿನದೊಂದನ್ನೇ ಬದಲಿಸಬೇಡಿ. ಹಳೆ ಚೈನ್ ಹೊಸ ಹಲ್ಲನ್ನು ಬೇಗ ತಿನ್ನುತ್ತದೆ. ಚೈನ್, ಹಿಂದಿನದು, ಮುಂದಿನದು ಮೂರನ್ನೂ ಒಟ್ಟಿಗೆ ಹಾಕಿ.

ಚೈನ್ ಇನ್ನೂ ಕೂತಿರುವಾಗಲೇ, ಒಬ್ಬರು ಹಿಂದಿನ ಬ್ರೇಕ್ ತುಳಿದಿರುವಾಗ, ಸ್ಪ್ರಾಕೆಟ್ ಹಿಡಿದಿರುವ ಬೋಲ್ಟ್‌ಗಳನ್ನು ಸಡಿಲಿಸಿ. ಹಿಂದಿನ ಚಕ್ರದ ಆಕ್ಸಲ್ ನಟ್ ಸಡಿಲಿಸಿದ ಮೇಲೆ ಇದಕ್ಕೆ ಹೋದರೆ ಶಾಫ್ಟ್ ಸುತ್ತುತ್ತದೆ, ಬೋಲ್ಟ್ ತಲೆ ಕೆಡುತ್ತದೆ. ಆಮೇಲೆ ಆಕ್ಸಲ್ ನಟ್ ಸಡಿಲಿಸಿ, ಎರಡೂ ಕಡೆಯ ಚೈನ್ ಅಡ್ಜಸ್ಟರ್ ಸಮನಾಗಿ ಬಿಟ್ಟು, ಚಕ್ರ ಮುಂದೆ ತಳ್ಳಿ ಚೈನ್ ಇಳಿಸಿ. ಹಳೆಯದನ್ನು ಎಳೆಯುವ ಮೊದಲು ಅದರ ಯಾವ ಮುಖ ಹೊರಗಿತ್ತು ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ತಿರುಗಿಸಿ ಹಾಕಿದರೆ ಚೈನ್ ಸಾಲು ತಪ್ಪುತ್ತದೆ.

15ರ ಜಾಗಕ್ಕೆ 16 ಬಂದಾಗ ಚೈನ್ ಸಾಕಾಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಇದಕ್ಕೊಂದು ಸರಳ ಲೆಕ್ಕ ಇದೆ. ಈ ಚೈನಿನ ಒಂದು ಕೊಂಡಿಯ ಅಂತರ 15.875 ಮಿಲಿಮೀಟರ್. ಹಲ್ಲು ಒಂದು ಹೆಚ್ಚಾದರೆ ಚೈನಿನ ಅರ್ಧ ಕೊಂಡಿ ಅಲ್ಲಿ ಖರ್ಚು. ಚೈನ್ ಮೇಲೂ ಕೆಳಗೂ ಹಾಯುವುದರಿಂದ ಚಕ್ರ ಅದರ ಅರ್ಧದಷ್ಟು, ಅಂದರೆ ಸುಮಾರು 4 ಮಿಲಿಮೀಟರ್ ಮುಂದೆ ಬಂದರೆ ಸಾಕು. ಅಡ್ಜಸ್ಟರ್‌ನಲ್ಲಿ ಅಷ್ಟು ಜಾಗ ಇದೆಯಾ ಅಂತ ಕೆಲಸ ಶುರು ಮಾಡುವ ಮೊದಲೇ ನೋಡಿಕೊಳ್ಳಿ.

ಚೈನಿನ ಸಡಿಲ ಎಷ್ಟಿರಬೇಕು ಅನ್ನುವುದು ಗಾಡಿಯ ಪುಸ್ತಕದಲ್ಲಿದೆ. ಅದಕ್ಕಿಂತ ಬಿಗಿ ಮಾತ್ರ ಬೇಡ. ಹಿಮಾಲಯನ್‌ನ ಹಿಂಬದಿ ಸಸ್ಪೆನ್ಷನ್ 180 ಮಿಲಿಮೀಟರ್ ಓಡುತ್ತದೆ. ಹಳ್ಳಕ್ಕೆ ಬಿದ್ದು ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೆದ್ದಾಗ ಚೈನ್ ಇನ್ನಷ್ಟು ಬಿಗಿಯಾಗುತ್ತದೆ. ನಿಂತಾಗಲೇ ಬಿಗಿ ಇದ್ದರೆ ಆ ಏಟೆಲ್ಲ ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗಿಗೆ. ಚಕ್ರ ಮೆಲ್ಲಗೆ ಸುತ್ತಿಸಿ ನಾಲ್ಕು ಜಾಗದಲ್ಲಿ ಸಡಿಲ ನೋಡಿ, ಅತಿ ಬಿಗಿಯಾದ ಜಾಗದಲ್ಲಿ ಅಳತೆ ಹಿಡಿಯಿರಿ. ಎರಡೂ ಕಡೆಯ ಗುರುತು ಒಂದೇ ಗೆರೆಯಲ್ಲಿರಲಿ. ಬೋಲ್ಟ್, ಆಕ್ಸಲ್ ನಟ್ ಎರಡನ್ನೂ ಟಾರ್ಕ್ ರೆಂಚಿನಲ್ಲಿ ಸರ್ವಿಸ್ ಮ್ಯಾನುವಲ್ ಹೇಳಿದಷ್ಟೇ ಬಿಗಿಯಿರಿ. ಕವರ್ ಹಾಕಿದ ಮೇಲೆ ಮತ್ತೆ ಚಕ್ರ ಸುತ್ತಿಸಿ, ಎಲ್ಲೂ ಉಜ್ಜುವ ಸದ್ದು ಬರಬಾರದು. ಮೊದಲ ಓಟದಲ್ಲೇ ಸ್ಪೀಡೋಮೀಟರನ್ನು ಮೊಬೈಲಿನ ಜಿಪಿಎಸ್ ಜೊತೆ ತಾಳೆ ನೋಡಿ.

ಬೆಲ್ಟಿನ ಗಾಡಿಗಳ ಬಗ್ಗೆ ಒಂದು ಮಾತು. ಹಾರ್ಲೆ ಸ್ಟ್ರೀಟ್ 750ಯಲ್ಲಿ ಚೈನ್ ಇಲ್ಲ, ಪುಲ್ಲಿ ಮತ್ತು ಬೆಲ್ಟ್. ಲೆಕ್ಕ ಇದೇ, ಆದರೆ ಬೆಲ್ಟನ್ನು ಕೊಂಡಿ ತೆಗೆದು ಗಿಡ್ಡ ಮಾಡಲಾಗದು. ಪುಲ್ಲಿಯ ಹಲ್ಲು ಬದಲಾಗಿ ಅಡ್ಜಸ್ಟರ್‌ನಲ್ಲಿ ಜಾಗ ಸಾಲದಿದ್ದರೆ ಬೇರೆ ಉದ್ದದ ಬೆಲ್ಟೇ ಬೇಕು. ಬೆಲ್ಟನ್ನು ಮಡಚುವುದು, ತಿರುಚುವುದು, ಸ್ಕ್ರೂಡ್ರೈವರ್ ಕೊಟ್ಟು ಮೀಟುವುದು ಮಾಡಿದರೆ ಒಳಗಿನ ಎಳೆ ಮುರಿಯುತ್ತದೆ, ಹೊರಗೆ ಕಾಣುವುದೇ ಇಲ್ಲ.

ಈಗ ಮ್ಯಾಪ್. ಮಗ್ಗಿ ಪುಸ್ತಕದ ಕೋಷ್ಟಕ ನೆನಪಿಸಿಕೊಳ್ಳಿ. ಒಂದು ಬದಿಗೆ ಇಂಜಿನ್ ಸುತ್ತು, ಇನ್ನೊಂದು ಬದಿಗೆ ಆಕ್ಸಿಲೇಟರ್ ಎಷ್ಟು ತೆರೆದಿದೆ ಅನ್ನುವ ಶೇಕಡಾ. ಎರಡೂ ಸೇರುವ ಮನೆಯಲ್ಲಿ ಪೆಟ್ರೋಲ್ ಎಷ್ಟು ಅಂತ ಬರೆದಿರುತ್ತದೆ. ಹಲ್ಲು ಬದಲಿಸಿದರೆ ನೀವು ದಿನಾ ಓಡಾಡುವ ಮನೆಗಳೇ ಬದಲಾಗುತ್ತವೆ. ಅದೇ ವೇಗ, ಅದೇ ರಸ್ತೆ, ಆದರೆ ಸುತ್ತು ಕಡಿಮೆ, ಆಕ್ಸಿಲೇಟರ್ ಇನ್ನಷ್ಟು ತೆರೆದಿರುತ್ತದೆ. ಮೊದಲೇ ಮ್ಯಾಪ್ ಮಾಡಿಸಿ ಆಮೇಲೆ ಹಲ್ಲು ಬದಲಿಸಿದವರ ಮೆಹನತ್ತು ಬೇರೆ ಮನೆಗಳಲ್ಲಿ ಉಳಿದುಬಿಡುತ್ತದೆ. ಅದಕ್ಕೇ ಹಲ್ಲು ಮೊದಲು ಅನ್ನುವುದು.

ನಾನು ಬಳಸುವುದು ಬೆಂಗಳೂರಿನ ರೇಸ್ ಡೈನಮಿಕ್ಸ್ ಮಾಡುವ ಪವರ್‌ಟ್ರಾನಿಕ್ ಅನ್ನುವ ಪೆಟ್ಟಿಗೆ. ಕಂಪನಿಯ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಹಾಗೇ ಇರುತ್ತದೆ, ಇದು ಮಧ್ಯೆ ಕೂತು ಪ್ರತಿ ಮನೆಗೆ ಇಷ್ಟು ಶೇಕಡಾ ಸೇರಿಸು, ಕಳೆ ಅನ್ನುತ್ತದೆ. ಒಮ್ಮೆ ಯಾರೋ ಕಳಿಸಿದ ಸಿದ್ಧ ಮ್ಯಾಪನ್ನು ನಂಬಿ ಹಾಕಿದ್ದೆ. ಇನ್ನೂರು ಕಿಲೋಮೀಟರಿಗೆ ಪ್ಲಗ್ ಬಿಚ್ಚಿದರೆ ಮಸಿ ಮೆತ್ತಿದ ಒಲೆಯ ಹಾಗಿತ್ತು. ಆ ಮ್ಯಾಪ್ ಬೇರೆ ಸೈಲೆನ್ಸರ್, ಬೇರೆ ಏರ್ ಫಿಲ್ಟರ್ ಇದ್ದ ಗಾಡಿಯದು.

ಆದ್ದರಿಂದ ಅಳೆಯದೆ ಮುಟ್ಟಬೇಡಿ. ಸೈಲೆನ್ಸರ್ ಪೈಪಿಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಕೂರಿಸಿ ಲ್ಯಾಮ್ಡಾ ಓದಬೇಕು. ಗಾಳಿ, ಪೆಟ್ರೋಲ್ ಎರಡೂ ಮಿಗದಂತೆ ಉರಿದರೆ 1, ಪೆಟ್ರೋಲ್ ಹೆಚ್ಚಿದ್ದರೆ 1ಕ್ಕಿಂತ ಕಡಿಮೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಅನ್ನುವ ಹಳೆ ಲೆಕ್ಕ ಬಿಡಿ, ಅದು ಶುದ್ಧ ಪೆಟ್ರೋಲಿನದು. ಈಗ ಬಂಕಿನಲ್ಲಿ ಬರುವ, ಶೇಕಡಾ 20 ಎಥೆನಾಲ್ ಬೆರೆತ ಇ20ಗೆ ಅದು 13.6ರ ಹತ್ತಿರ. ಲ್ಯಾಮ್ಡಾದಲ್ಲಿ ಮಾತಾಡಿದರೆ ಈ ಗೊಂದಲವೇ ಇಲ್ಲ.

ಹದವಾಗಿ ಓಡಿಸುವಾಗ ಕಂಪನಿಯ ಸೆನ್ಸರ್ ತಾನೇ ಲ್ಯಾಮ್ಡಾವನ್ನು 1ರ ಆಸುಪಾಸಿಗೆ ತರುತ್ತಿರುತ್ತದೆ. ಆ ಮನೆಗಳಲ್ಲಿ ನೀವು ಸೇರಿಸಿದ್ದನ್ನು ಅದು ಕಳೆಯುತ್ತದೆ, ಜಗಳ ಬೇಡ. ಆಕ್ಸಿಲೇಟರ್ ಪೂರ್ತಿ ತಿರುವಿದಾಗ ಸೆನ್ಸರಿನ ಮಾತು ನಡೆಯುವುದಿಲ್ಲ. ಇ20 ಬಂದ ಮೇಲೆ ಹಳೆ ಗಾಡಿಗಳು ಒಣಗುವುದು, ಅಂದರೆ ಪೆಟ್ರೋಲ್ ಸಾಲದೆ ಓಡುವುದು ಇಲ್ಲೇ. ಕೆಲಸ ಮಾಡಬೇಕಾದದ್ದೂ ಇಲ್ಲೇ. ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಸಿಕ್ಕರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಖಾಲಿ ಇರುವ ಸಣ್ಣ ಏರಿನಲ್ಲಿ, ಮೂರನೇ ಗೇರಿನಲ್ಲಿ ಲಾಗ್ (ಸೆನ್ಸರ್ ಓದಿದ್ದರ ದಾಖಲೆ) ಹಾಕಿ ಓಡಿಸಿ. ನಾನು ಬೆಳಗಿನ ಆರಕ್ಕೆ ಬೇಲೂರು ಕಡೆಯ ರಸ್ತೆಗೆ ಹೋಗುತ್ತೇನೆ. ಓಡಿಸುವಾಗ ಕಣ್ಣು ರಸ್ತೆಯ ಮೇಲಿರಲಿ, ಲಾಗ್ ಮನೆಗೆ ಬಂದು ನೋಡಿ.

4000–5000 ಸುತ್ತಿನಲ್ಲಿ, ಪೂರ್ತಿ ಆಕ್ಸಿಲೇಟರಿನಲ್ಲಿ 0.96 ಬಂತು ಅಂದುಕೊಳ್ಳಿ. ನಮಗೆ ಬೇಕಾದದ್ದು 0.88. 0.96ನ್ನು 0.88ರಿಂದ ಭಾಗಿಸಿದರೆ 1.09, ಅಂದರೆ ಶೇಕಡಾ 9 ಸೇರಿಸಬೇಕು. ನಾನು ಮೊದಲು 6 ಹಾಕಿ, ಮತ್ತೆ ಓಡಿಸಿ ನೋಡುತ್ತೇನೆ. ಅಕ್ಕಪಕ್ಕದ ಮನೆಗಳಿಗೂ ಮೆಟ್ಟಿಲು ಇಳಿದ ಹಾಗೆ 4, 2 ಅಂತ ಹಂಚಿ. ಒಂದು ಮನೆಯಲ್ಲಿ 9, ಪಕ್ಕದಲ್ಲಿ 0 ಇದ್ದರೆ ಅಲ್ಲಿ ಗಾಡಿ ಜರ್ಕ್ ಹೊಡೆಯುತ್ತದೆ. ಸ್ಪಾರ್ಕ್ ಟೈಮಿಂಗನ್ನು ರಸ್ತೆಯಲ್ಲಿ ಮುಟ್ಟಲೇಬೇಡಿ. ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯಲು ನಾನು ಒಪ್ಪುವುದಿಲ್ಲ, ಎಮಿಷನ್ ಟೆಸ್ಟ್ ಪಾಸಾಗದ ಗಾಡಿಯನ್ನು ನನ್ನ ಗ್ಯಾರೇಜಿನಿಂದ ಕಳಿಸುವುದೂ ಇಲ್ಲ. ವಾರಂಟಿ ಇರುವ ಗಾಡಿಗೆ ಈ ಕೆಲಸ ಬೇಡ.

ಇಷ್ಟಾದ ಮೇಲೆ ಸಿಗುವುದು ಹೊಸ ಕುದುರೆಶಕ್ತಿಯಲ್ಲ. ಪೂರ್ತಿ ತಿರುವಿದಾಗ ಇದ್ದ ತಡವರಿಕೆ ಹೋಗುತ್ತದೆ, ಏರಿನಲ್ಲಿ ಹೆಡ್ ಬಿಸಿಯಾಗುವುದು ಕಡಿಮೆಯಾಗುತ್ತದೆ.

500 ಕಿಲೋಮೀಟರ್ ಆದ ಮೇಲೆ ಚೈನ್ ಸಡಿಲ ಮತ್ತೆ ನೋಡಿ, ಪ್ಲಗ್ ಬಿಚ್ಚಿ ನೋಡಿ. ಅದರ ಬಣ್ಣ ಹಾಲು ಹೆಚ್ಚಿದ ಕಾಫಿಯ ಹಾಗಿರಬೇಕು. ಪ್ರತಿ ಮ್ಯಾಪ್ ಫೈಲಿಗೂ ತಾರೀಖು ಮತ್ತು ಹಲ್ಲಿನ ಸಂಖ್ಯೆ ಸೇರಿಸಿ ಹೆಸರಿಡಿ. ತೆಗೆದ 15ರ ಸ್ಪ್ರಾಕೆಟ್ ಚೆನ್ನಾಗಿದ್ದರೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿ ಎತ್ತಿಡಿ. ನಾನು ಹಾಗೆ ಎತ್ತಿಟ್ಟದ್ದೇ ಈಗ ನನ್ನ ಗಾಡಿಯಲ್ಲಿ ಮತ್ತೆ ಕೂತಿದೆ.