ಫೂಸ್‌ಬಾಲ್ ಟೇಬಲ್: ಮೊದಲು ಮಟ್ಟ, ಆಮೇಲೆ ಆಟ

ಕೋರಮಂಗಲ, ಎಚ್‌ಎಸ್‌ಆರ್ ಕಡೆಯ ಆಫೀಸುಗಳಲ್ಲಾಗಲಿ, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಾಗಲಿ, ಫೂಸ್‌ಬಾಲ್ ಟೇಬಲ್ (ರಾಡ್‌ಗೆ ಕಟ್ಟಿದ ಬೊಂಬೆಗಳಿಂದ ಚೆಂಡು ಹೊಡೆದು ಫುಟ್‌ಬಾಲ್ ಆಡುವ ಪೆಟ್ಟಿಗೆಯಂಥ ಮೇಜು) ಹಾಳಾಗುವುದು ಆಡಿದ್ದರಿಂದಲ್ಲ. ವಾಟವಿರುವ ನೆಲ, ತಪ್ಪು ಎಣ್ಣೆ, ರಾಡನ್ನು ಗರಗರ ತಿರುಗಿಸುವ ಅಭ್ಯಾಸ ಸೇರಿ ಅದನ್ನು ಕೆಡಿಸುತ್ತವೆ.

ದೊಡ್ಡ ಟೇಬಲ್ ಸುಮಾರು 140 ಸೆಂ.ಮೀ. ಉದ್ದ, 75 ಸೆಂ.ಮೀ. ಅಗಲ. ರಾಡ್‌ಗಳು ಪಕ್ಕಕ್ಕೆ ಚಾಚುತ್ತವೆ, ಅವುಗಳ ಹಿಂದೆ ಜನ ನಿಲ್ಲಬೇಕು. ಹಾಗಾಗಿ ಎರಡೂ ಕಡೆ 90 ಸೆಂ.ಮೀ. ಜಾಗ ಬಿಡಿ. ಬಾಲ್ಕನಿ, ಯುಟಿಲಿಟಿ ಖಂಡಿತ ಬೇಡ. ಅಲ್ಲಿ ನೀರು ಹರಿಯಲೆಂದೇ ಟೈಲ್ಸಿಗೆ ವಾಟ ಕೊಟ್ಟಿರುತ್ತಾರೆ; ಮಳೆಗಾಲದ ಎರಚಲಿಗೆ ರಾಡ್ ತುಕ್ಕು ಹಿಡಿಯುತ್ತದೆ, ಪೆಟ್ಟಿಗೆಯ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಉಬ್ಬುತ್ತದೆ. ಒಮ್ಮೆ ಉಬ್ಬಿದ ಎಂಡಿಎಫ್ ಒಣಗಿದರೂ ಮೊದಲಿನಂತಾಗುವುದಿಲ್ಲ. ಜರುಗಿಸುವಾಗ ಪೆಟ್ಟಿಗೆಯನ್ನೇ ಹಿಡಿದು ಎತ್ತಿ. ರಾಡ್ ಹಿಡಿದು ಎತ್ತಿದರೆ ಅದು ಬಾಗುತ್ತದೆ, ಆಮೇಲೆ ಎಷ್ಟು ಎಣ್ಣೆ ಸುರಿದರೂ ಬಿಗಿಯಾಗೇ ಓಡುತ್ತದೆ.

ರಸಮಟ್ಟವನ್ನು ಆಟದ ಹಾಸಿನ ನಡುವೆ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಇಡಿ. ಕಾಲಿನಡಿಯ ಸ್ಕ್ರೂ ಪಾದಗಳನ್ನು ಕಾಲು ಸುತ್ತಿನಷ್ಟೇ ತಿರುಗಿಸುತ್ತ ಸರಿಮಾಡಿ. ಕೊನೆಗೆ ಐದು ಬೊಂಬೆಗಳ ಎರಡು ಸಾಲಿನ ನಡುವೆ ಚೆಂಡು ಬಿಡಿ. ಅದು ತಾನಾಗಿ ಒಂದೇ ಕಡೆ ಉರುಳುತ್ತಿದ್ದರೆ ಮಟ್ಟ ಇನ್ನೂ ಕೂತಿಲ್ಲ. ವಾರದ ನಂತರ ಮತ್ತೊಮ್ಮೆ ನೋಡಿ.

ಎಣ್ಣೆಯ ವಿಷಯದಲ್ಲಿ ನಾವು ಬಹಳ ಕಟ್ಟುನಿಟ್ಟು. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಎರಡೂ ಧೂಳು ಹಿಡಿದು ಜಿಗುಟಾಗುತ್ತವೆ. ಕೇರಂ ಪೌಡರ್ ಹಾಕಿದರೆ ಬುಶ್‌ನೊಳಗೆ (ರಾಡ್ ತೂರಿ ಹೋಗುವ ತೂತಿನ ಬಳೆ) ಗಟ್ಟಿಯಾಗಿ ಕೂರುತ್ತದೆ. ಬೇಕಿರುವುದು ಶುದ್ಧ ಸಿಲಿಕೋನ್. ಒಣ ಬಟ್ಟೆಯಿಂದ ರಾಡ್ ಒರೆಸಿ, ಪೆಟ್ಟಿಗೆಯ ಹೊರಗೆ ಬುಶ್ ಹತ್ತಿರ ಒಂದೆರಡು ಹನಿ ಹಾಕಿ, ಐದಾರು ಸಲ ಎಳೆದು ತಳ್ಳಿ, ಮಿಕ್ಕಿದ್ದನ್ನು ಒರೆಸಿ. ಆಟದ ಹಾಸಿನ ಮೇಲೆ ಹನಿ ಬಿದ್ದರೆ ಅಲ್ಲಿ ಚೆಂಡು ಜಾರುತ್ತದೆ. ದಿನವೂ ಆಡುವಲ್ಲಿ ವಾರಕ್ಕೊಮ್ಮೆ ಸಾಕು.

ಪೆಟ್ಟಿಗೆಯ ಗೋಡೆ ತೂರಿ ಬರುವ ರಾಡ್, ಅದಕ್ಕೆ ಕಟ್ಟಿದ ಬೊಂಬೆ: ಆಟದ ಜೀವ ಇಷ್ಟರಲ್ಲೇ ಇದೆ. ಇಂಗ್ಲೆಂಡಿನ ಹೆರಾಲ್ಡ್ ಥಾರ್ನ್‌ಟನ್ ಇದಕ್ಕೆ 1921ರಲ್ಲಿ ಅರ್ಜಿ ಹಾಕಿ 1923ರಲ್ಲಿ ಪೇಟೆಂಟ್ ಪಡೆದ. ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಗೊಂಡ ಅಲೆಹಾಂದ್ರೊ ಫಿನಿಸ್ಟೆರೆ, ಮೈದಾನಕ್ಕಿಳಿಯಲಾಗದ ಮಕ್ಕಳೂ ಆಡಲೆಂದು ತನ್ನ ಟೇಬಲ್ ರೂಪಿಸಿದ್ದಾಗಿ ಹೇಳಿಕೊಂಡಿದ್ದಾನೆ. 1937ರಲ್ಲಿ ಬಾರ್ಸಿಲೋನಾದಲ್ಲಿ ಪೇಟೆಂಟ್ ಮಾಡಿಸಿದ. ಇಂದಿಗೂ ಕರೆಂಟ್ ಬೇಡ, ಬೂಟು ಬೇಡ, ಹತ್ತು ನಿಮಿಷ ಬಿಡುವಿದ್ದರೆ ನಾಲ್ವರು ಆಡಬಹುದು. ಈ ಆಟ ಉಳಿದದ್ದೇ ಅದರಿಂದ.

ಒಂದು ಪಕ್ಷಕ್ಕೆ ನಾಲ್ಕು ರಾಡ್: ಗೋಲಿ (ಗೋಲ್‌ಕೀಪರ್), ಇಬ್ಬರು ರಕ್ಷಕರು, ನಡುವೆ ಐವರು, ಮುಂದೆ ಮೂವರು. ಕೆಲವು ಟೇಬಲ್‌ಗಳಲ್ಲಿ ಗೋಲಿಯ ರಾಡಿಗೂ ಮೂರು ಬೊಂಬೆ ಇರುತ್ತವೆ. 2002ರಲ್ಲಿ ಶುರುವಾದ ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಂತೆ ಚೆಂಡು ಹೊಡೆಯುವ ಮೊದಲು ಅಥವಾ ನಂತರ ರಾಡ್ ಪೂರ್ತಿ ಒಂದು ಸುತ್ತಿಗಿಂತ ಹೆಚ್ಚು ತಿರುಗಿದರೆ ಫೌಲ್. ಐವರ ಸಾಲಿನಲ್ಲಿ 10 ಸೆಕೆಂಡ್, ಉಳಿದ ಸಾಲುಗಳಲ್ಲಿ 15 ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡು ಇಟ್ಟುಕೊಳ್ಳುವಂತಿಲ್ಲ.

ಹೊಸಬರು ಹಿಡಿಯನ್ನು ಮುಷ್ಟಿ ಕಟ್ಟಿ ಹಿಡಿಯುತ್ತಾರೆ. ಸಡಿಲ ಬಿಡಿ, ಮಣಿಕಟ್ಟು ತಿರುಗಲಿ. ನಿಮ್ಮ ಹಿಂದಿನ ಸಾಲಿನವರು ಹೊಡೆಯುವಾಗ ಮುಂದಿನ ಎರಡೂ ರಾಡ್‌ಗಳ ಕಾಲು ಎತ್ತಿಡಿ, ಇಲ್ಲದಿದ್ದರೆ ಚೆಂಡು ನಿಮ್ಮವರಿಗೇ ಬಡಿಯುತ್ತದೆ.

ಮೊದಲು ಕಲಿಯಬೇಕಾದ್ದು ಐವರಿಂದ ಮೂವರಿಗೆ ಪಾಸ್. ನಿಂತ ಚೆಂಡನ್ನು ನೇರ ಮುಂದಕ್ಕೆ ತಳ್ಳುವಂತಿಲ್ಲ. ಐವರಲ್ಲಿ ಇಬ್ಬರಿಗಾದರೂ ತಾಗಿಸಿ, ಗೋಡೆಯ ಅಂಚಿನಲ್ಲಿ ಹೊಡೆಯಿರಿ. ಮುಂದೆ ಕಾಯುವ ಬೊಂಬೆಯ ಪಾದ ಎದುರಾಳಿ ಗೋಲಿನ ಕಡೆ ತುಸು ಚಾಚಿರಲಿ. ಆಗ ಹಿಂದಿನಿಂದ ಬಂದ ಚೆಂಡು ಕಾಲಿನಡಿ ಸಿಕ್ಕಿ ನಿಲ್ಲುತ್ತದೆ. ನೆಟ್ಟಗೆ ನಿಲ್ಲಿಸಿದರೆ ಬಡಿದು ವಾಪಸ್ ಬರುತ್ತದೆ. ಒಬ್ಬರೇ ನಿಂತು ದಿನಕ್ಕೆ ಐವತ್ತು ಸಲ ಇದನ್ನೇ ಮಾಡಿ; ಗೋಲ್ ಹೊಡೆಯುವ ಯೋಚನೆ ಆಮೇಲೆ.