ಪುಟ್ಟ ಟಾಮ್‌ಕ್ಯಾಟ್ ಕಿಟ್ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು

ಅಮೆರಿಕದ ನೌಕಾಪಡೆಯ ಯುದ್ಧವಿಮಾನವಾಗಿದ್ದ ಎಫ್-14 ಟಾಮ್‌ಕ್ಯಾಟ್‌ನ 1/144 ಅಳತೆಯ (ನಿಜದ 144ನೇ ಒಂದು ಭಾಗ) ಪ್ಲಾಸ್ಟಿಕ್ ಮಾದರಿ ಕಿಟ್ ತಂದಿದ್ದೀರಾ? ಅಂಟು ತೆರೆಯುವ ಮುನ್ನ ಸ್ಕೇಲ್ ಹಿಡಿದು ಕೂರಿ. ನಿಜವಾದ ವಿಮಾನದ ಉದ್ದ ಸುಮಾರು 19.1 ಮೀಟರ್, ಹಾಗಾಗಿ ಮಾದರಿ 133 ಮಿಲಿಮೀಟರ್ ಆಸುಪಾಸು ಇರಬೇಕು. ರೆಕ್ಕೆ ಪೂರ್ತಿ ಚಾಚಿದಾಗ ತುದಿಯಿಂದ ತುದಿಗೆ 136, ಹಿಂದಕ್ಕೆ ಸರಿಸಿದಾಗ 81. ಒಂದು ಮಿಲಿಮೀಟರ್ ಆಚೀಚೆಯಾದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಮೈಮೇಲಿನ ಪ್ಯಾನೆಲ್ ಗೆರೆಗಳು, ಅಂದರೆ ವಿಮಾನದ ಹೊದಿಕೆಯ ತಗಡುಗಳು ಕೂಡುವ ಜಾಗವನ್ನು ತೋರಿಸುವ ಗೀರುಗಳು. 0.2 ಮಿಲಿಮೀಟರ್ ಅಗಲದ ಗೆರೆ ಕಣ್ಣಿಗೆ ಕೂದಲೆಳೆಯಂತೆ ಕಾಣಬಹುದು, ಆದರೆ ನಿಜವಾದ ವಿಮಾನದಲ್ಲಿ ಅದು ಸುಮಾರು 29 ಮಿಲಿಮೀಟರ್‌ನ ಕಾಲುವೆ! ಭಾಗವನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿ. ನೆರಳು ದಟ್ಟವಾಗಿ ಬಿದ್ದರೆ ಗೆರೆ ಆಳವಾಗಿದೆ ಎಂದರ್ಥ. ಎರಡು ಪದರ ಪ್ರೈಮರ್ ಹೊಡೆದರೆ ತಕ್ಕಮಟ್ಟಿಗೆ ತಗ್ಗುತ್ತದೆ.

ಬಳಿಕ ಗಾಳಿ ಒಳಹೋಗುವ ಎರಡು ಪೆಟ್ಟಿಗೆಗಳನ್ನು ಅಂಟಿಲ್ಲದೆ ಮೈಗೆ ಜೋಡಿಸಿ ನೋಡಿ. ನಾನು ಹಿಂದೊಮ್ಮೆ ಇದನ್ನು ಬಿಟ್ಟು ನೇರವಾಗಿ ಅಂಟಿಸಿದೆ. ಎಂಜಿನ್‌ಗಳ ನಡುವಿನ ಇಕ್ಕಟ್ಟಿನಲ್ಲಿ ಬಿಟ್ಟ ಸಂದನ್ನು ಉಜ್ಜಲು ಮರಳು ಕಾಗದ ಹೋಗಲೇ ಇಲ್ಲ, ಎರಡು ಸಂಜೆ ಹಾಳಾದವು.

ನೌಕಾಪಡೆಯ ವಿಮಾನವಾದ್ದರಿಂದ ಮುಂದಿನ ಚಕ್ರದ ಕಾಲು ದಪ್ಪವಾಗಿರಬೇಕು, ಜೋಡಿ ಚಕ್ರ, ಮುಂಭಾಗದಲ್ಲಿ ಹಡಗಿನಿಂದ ವಿಮಾನವನ್ನು ಚಿಮ್ಮಿಸುವ ಕವಣೆಯಂತ್ರಕ್ಕೆ ಸಿಕ್ಕಿಸುವ ಸರಳು, ಹಿಂದೆ ಎಂಜಿನ್‌ಗಳ ನಡುವೆ ಇಳಿಯುವಾಗ ಹಡಗಿನ ತಂತಿಗೆ ಸಿಕ್ಕಿಕೊಳ್ಳುವ ಕೊಕ್ಕೆ ಇರಲೇಬೇಕು. ಸರಳು ಇಲ್ಲದಿದ್ದರೆ ಕಾಯಿಸಿ ಎಳೆದ ಸ್ಪ್ರೂ (ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ತುಂಡೇ ಸಾಕು. ಕಾಕ್‌ಪಿಟ್ ಗಾಜು ಗೀಚಿದ್ದರೆ ಮಾತ್ರ ಕಿಟ್ ಹಿಂದಿರುಗಿಸಿ, ಅದನ್ನು ಸರಿಪಡಿಸುವುದು ಕಷ್ಟ.